ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನನ್ನ ಮರ್ಯಾದೆ ಹೋಗಲು ಶುರುವಾಯಿತು. ಪೂರ್ತಿ ಹೋಗಿ ಮುಗಿದದ್ದು ಹನ್ನೆರಡು ಗಂಟೆ ಹದಿನೆಂಟು ನಿಮಿಷಕ್ಕೆ. ಈ ಕೆಲಸಕ್ಕೆ ಕೆಲವರು ಇಡೀ ಜನ್ಮ ತೆಗೆದುಕೊಳ್ಳುತ್ತಾರೆ. ಪಂಚಾಯಿತಿ ಚುನಾವಣೆಗೆ ನಿಂತು ಗೆದ್ದವರು ಕೂಡ ಐದು ವರ್ಷವಾದರೂ ತೆಗೆದುಕೊಳ್ಳುತ್ತಾರೆ. ನನಗೆ ಐವತ್ತಾರು ನಿಮಿಷ ಸಾಕಾಯಿತು. ಹೊತ್ತು ಇಷ್ಟು ಕರಾರುವಾಕ್ಕಾಗಿ ಹೇಗೆ ನೆನಪಿದೆ ಎಂದರೆ, ಆ ಐವತ್ತಾರು ನಿಮಿಷದಲ್ಲಿ ನಾನು ಗಡಿಯಾರ ನೋಡುವುದೊಂದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ನೋಡಬೇಕಾಗಿದ್ದದ್ದು ಗಡಿಯಾರವನ್ನಲ್ಲ, ಹಿಂದೆ ಬರುತ್ತಿದ್ದ ಚಿಗವ್ವನನ್ನು ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದಕ್ಕೆ ಏನಿದೆ, ಬೇಕಾದಷ್ಟು ಅನ್ನಿಸುತ್ತದೆ.

ನಾನು ಸಂಶಿಯವನು. ಹುಬ್ಬಳ್ಳಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಇಳಿದ ಮೂರು ನಿಮಿಷದೊಳಗೆ ಸಿಟಿ ಬಸ್ಸು ಹಿಡಿಯಬೇಕು. ತಪ್ಪಿದರೆ ಮುಂದಿನ ಬಸ್ಸು ಮುಕ್ಕಾಲು ತಾಸಿಗೆ. ಹೀಗಾಗಿ ಒಂದು ಬಸ್ಸಿನಿಂದ ಇನ್ನೊಂದು ಬಸ್ಸಿಗೆ ಹಾರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಕುಂದಗೋಳ ತಾಲೂಕಿನಲ್ಲಿ ಇಲ್ಲ ಎಂದು ನಾನೂ ನಂಬಿದ್ದೆ, ಊರವರೂ ನಂಬಿದ್ದರು. ಈ ವಿದ್ಯೆಯ ಗುಟ್ಟು ಬಹಳ ಸರಳ. ಗುಂಪಿನಲ್ಲಿ ಚುರುಕಾದವನೊಬ್ಬ ಮುಂದೆ ಓಡುತ್ತಾನೆ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಡುತ್ತಾನೆ. ಇನ್ನೊಂದು ಕಾಲನ್ನು ನೆಲದ ಮೇಲೇ ಬಿಟ್ಟಿರುತ್ತಾನೆ. ಕಂಡಕ್ಟರ್ ಎಷ್ಟೇ ಸಿಡುಕಿನವನಾದರೂ ಒಂದು ಕಾಲು ನೆಲದ ಮೇಲಿರುವ ಮನುಷ್ಯನನ್ನು ನೋಡಿ ‘ರೈಟ್’ ಎನ್ನುವುದಿಲ್ಲ. ‘ಬಂದ್ರು ಬಂದ್ರು, ಹೆಣ್ಮಕ್ಕಳ ಅದಾರ್ರಿ’ ಎಂದು ಹೇಳುತ್ತಿದ್ದರೆ ಹಿಂದಿನವರು ಸಾವಕಾಶವಾಗಿ ಮಾತಾಡುತ್ತ ಬಂದು ಹತ್ತುತ್ತಾರೆ. ಒಮ್ಮೆ ನಮ್ಮೋಣಿಯ ಮದುವೆಯ ಮಂದಿಗಾಗಿ ನಾನು ಹೀಗೆ ಹನ್ನೊಂದು ನಿಮಿಷ ನಿಂತಿದ್ದೆ. ಮದುಮಗಳು ಅರ್ಧ ದಾರಿಯಲ್ಲಿ ಚಪ್ಪಲಿ ಬದಲಿಸಲು ಮನೆಗೆ ವಾಪಸ್ಸು ಹೋಗಿ ಬಂದರೂ ಬಸ್ಸು ಕದಲಿರಲಿಲ್ಲ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ ಗೌರವ್ವ. ಅರವತ್ನಾಲ್ಕು ವರ್ಷ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವಳ ಮನೆ. ಊರಿನಲ್ಲಿ ಎಲ್ಲರೂ ಅಂಗಡಿಯ ಬೀಜ ತಂದು ಬಿತ್ತುವ ಕಾಲದಲ್ಲಿ ಇವಳು ಮಾತ್ರ ಹಳೆಯ ಬಿಳಿಜೋಳ, ಸಾವೆ, ನವಣೆ, ಕೆಂಪು ಅವರೆ, ಊರ ಹತ್ತಿ, ಹೆಸರು ನನಗೇ ಗೊತ್ತಿಲ್ಲದ ಸೌತೆ, ಇಂಥ ನಲವತ್ತಕ್ಕೂ ಮಿಕ್ಕಿದ ಬೀಜಗಳನ್ನು ಬೂದಿ ಹಚ್ಚಿ, ಬೇವಿನ ಎಲೆ ಸೇರಿಸಿ, ಅರಿವೆಯ ಸಣ್ಣ ಸಣ್ಣ ಗಂಟು ಕಟ್ಟಿ ಇಟ್ಟಿದ್ದಾಳೆ. ಯಾರು ಕೇಳಿದರೂ ಒಂದು ಹಿಡಿ ಕೊಡುತ್ತಾಳೆ. ಸುಗ್ಗಿ ಮುಗಿದ ಮೇಲೆ ಎರಡು ಹಿಡಿ ತಂದುಕೊಡಬೇಕು, ಅಷ್ಟೇ. ಇದು ಹೇಗೋ ಯಾರ ಕಿವಿಗೋ ಬಿದ್ದು, ಗುವಾಹಟಿಯಲ್ಲಿ ನಡೆಯುವ ಬೀಜ ಮೇಳಕ್ಕೆ ಬರಬೇಕೆಂದು ಅವಳಿಗೆ ಕರೆ ಬಂತು. ಜೊತೆಗೊಬ್ಬರು ಬರಬಹುದು, ವಿಮಾನದ ಟಿಕೆಟ್ಟು ಅವರದೇ. ಜೊತೆಗೆ ಯಾರು? ಇಂಗ್ಲಿಷ್ ಬರುವವನು, ಒಮ್ಮೆ ವಿಮಾನ ಹತ್ತಿ ಇಳಿದವನು, ಬಸ್ಸು ಬದಲಿಸುವುದರಲ್ಲಿ ಪಳಗಿದವನು ನಾನೇ. ‘ಶೇಖ್ಯಾ ಇದ್ದರ ನನಗ್ಯಾಕ ಚಿಂತಿ’ ಎಂದು ಚಿಗವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ಈ ಮಾತನ್ನು ಅವಳು ಆಗ ಹೇಳದಿದ್ದರೆ ಇವತ್ತು ನನಗೆ ಎಷ್ಟೋ ಹಗುರಾಗುತ್ತಿತ್ತು.

ಹುಬ್ಬಳ್ಳಿಯಿಂದ ಒಂದು ಮಹಾನಗರಕ್ಕೆ ಒಂದು ವಿಮಾನ, ಅಲ್ಲಿಂದ ಗುವಾಹಟಿಗೆ ಇನ್ನೊಂದು. ಆ ಮಹಾನಗರದ ಹೆಸರು ಹೇಳುವುದಿಲ್ಲ. ಪಾಪ, ಅದರದೇನೂ ತಪ್ಪಿಲ್ಲ. ನಡುವೆ ಒಂದು ತಾಸು ನಲವತ್ತು ನಿಮಿಷ. ‘ಅಜ್ಜಿಗೆ ವಯಸ್ಸಾಗಿದೆ, ಗಾಲಿ ಕುರ್ಚಿ ಕೇಳಿಕೊಳ್ಳಿ, ಅವರೇ ತಳ್ಳಿಕೊಂಡು ಹೋಗಿ ಮುಂದಿನ ವಿಮಾನಕ್ಕೆ ಮುಟ್ಟಿಸುತ್ತಾರೆ’ ಎಂದು ಮೇಳದವರು ಫೋನಿನಲ್ಲಿ ಹೇಳಿದ್ದರು. ‘ದಿನಾ ಹೊಲಕ್ಕ ಎರಡ ಮೈಲ ನಡೀತೀನಿ, ನನಗ್ಯಾಕ ಕುರ್ಚಿ?’ ಎಂದು ಚಿಗವ್ವ ನಕ್ಕಳು. ನಾನೂ ನಕ್ಕೆ. ಮೂರು ನಿಮಿಷದಲ್ಲಿ ಬಸ್ಸು ಬದಲಿಸುವವನಿಗೆ ನೂರು ನಿಮಿಷ ಕೊಟ್ಟು ಗಾಲಿ ಕುರ್ಚಿಯನ್ನೂ ಕೊಡುವುದೆಂದರೆ ಅವಮಾನವಲ್ಲವೇ?

ನಮ್ಮ ಕಡೆ ಪ್ರಯಾಣ ಹೊರಟರೆ ಕಾಗದ ಪತ್ರವೆಲ್ಲ ಗಂಡಸಿನ ಕಿಸೆಯಲ್ಲಿರಬೇಕು ಎಂಬುದೊಂದು ರೂಢಿ. ಅದರಂತೆ ಇಬ್ಬರ ಟಿಕೆಟ್ಟು, ಇಬ್ಬರ ಆಧಾರ್ ಕಾರ್ಡು ನನ್ನ ಅಂಗಿಯ ಕಿಸೆಯಲ್ಲಿ. ಚಿಗವ್ವನ ಸಣ್ಣ ಫೋನು ನನ್ನ ಹೆಗಲ ಚೀಲದಲ್ಲಿ. ಅದೇ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಒಂದು ಪೊಟ್ಟಣ ಬೆಲ್ಲ. ಬೆಲ್ಲ ಯಾಕೆಂದರೆ ಚಿಗವ್ವನಿಗೆ ಶುಗರ್ ಇದೆ. ಬೆಳಿಗ್ಗೆ ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಅವಳ ಕೈಕಾಲು ನಡುಗಿ, ತಣ್ಣನೆ ಬೆವರು ಬಂದು, ಮಾತು ತೊದಲುತ್ತದೆ. ಹೋದ ವರ್ಷ ಸಂತೆಯಲ್ಲಿ ಹೀಗೇ ಆಗಿ ಬಿದ್ದಿದ್ದಳು. ಬೆಲ್ಲ ಬಾಯಿಗೆ ಹಾಕಿದ ಮೇಲೆ ಎದ್ದಳು. ‘ಇನ್ನೊಂದು ಕಾಲು ತಾಸು ಬಿಟ್ಟಿದ್ದರೆ ಕಷ್ಟವಿತ್ತು’ ಎಂದಿದ್ದರು ಡಾಕ್ಟರು. ಅದಕ್ಕೇ ಬೆಲ್ಲ. ಚಿಗವ್ವನ ಕೈಯಲ್ಲಿ ಉಳಿದದ್ದು ಬೀಜದ ಗಂಟು ಒಂದೇ. ಅದನ್ನು ಅವಳು ಲಗೇಜಿಗೆ ಹಾಕಲು ಬಿಡಲಿಲ್ಲ. ‘ವಿಮಾನದ ಹೊಟ್ಟ್ಯಾಗ ಥಂಡಿ ಇರತೈತೆಂತಲ್ಲೋ, ಬೀಜ ಸತ್ತಗಿತ್ತಾವು’ ಎಂದಳು.

ಹುಬ್ಬಳ್ಳಿಯಲ್ಲಿ ತೊಂದರೆಯಾಗಲಿಲ್ಲ. ತಪಾಸಣೆಯ ಹೆಣ್ಣುಮಗಳು ಗಂಟು ಮುಟ್ಟಿ ನೋಡಿ, ‘ಬೀಜೇನಬೇ ಅಜ್ಜಿ? ನಮ್ಮವ್ವನೂ ಹಿಂಗಽ ಕಟ್ಟಿಡ್ತಾಳ’ ಎಂದು ಬಿಟ್ಟಳು. ಆದರೆ ಮಹಾನಗರದ ಮೇಲೆ ಬಂದಾಗ ಕೆಳಗೆ ಇಳಿಯಲು ಜಾಗವಿಲ್ಲವೆಂದು ನಮ್ಮ ವಿಮಾನ ಹದ್ದಿನ ಹಾಗೆ ಸುತ್ತು ಹಾಕತೊಡಗಿತು. ಇಳಿದಾಗ ಹನ್ನೊಂದು ಇಪ್ಪತ್ತೆರಡು. ಮುಂದಿನ ವಿಮಾನ ಹನ್ನೆರಡೂವರೆಗೆ; ಅದರ ಬಾಗಿಲು ಹನ್ನೆರಡೂ ಐದಕ್ಕೆ ಮುಚ್ಚುತ್ತಾರೆ. ಇಳಿದ ವಿಮಾನದ ಬಾಗಿಲು ತೆರೆಯಲು ಹದಿಮೂರು ನಿಮಿಷ. ಒಳಗೆ ಮತ್ತೊಮ್ಮೆ ತಪಾಸಣೆ, ಅಲ್ಲಿ ಕುಂದಗೋಳದ ಸಂತೆಗಿಂತ ದೊಡ್ಡ ಸರದಿ. ತಪಾಸಣೆಯ ಪೊಲೀಸಿನವನು ಚಿಗವ್ವನ ಗಂಟು ಬಿಚ್ಚಿಸಿದ. ಒಳಗೆ ನಲವತ್ತಕ್ಕೂ ಹೆಚ್ಚು ಸಣ್ಣ ಗಂಟು. ಒಂದನ್ನು ಬಿಚ್ಚಿದರೆ ಬೂದು ಬಣ್ಣದ ಪುಡಿ. ಅವನ ಮುಖ ಗಂಭೀರವಾಯಿತು. ಇನ್ನೊಬ್ಬನನ್ನು ಕರೆದ. ಅವನು ಒಂದು ಪಟ್ಟಿಯಿಂದ ಪುಡಿಯನ್ನು ಒರೆಸಿ, ಸಿಡಿಮದ್ದು ಪತ್ತೆ ಮಾಡುವ ಯಂತ್ರಕ್ಕೆ ಕೊಟ್ಟ.

‘ಬೂದಿಯಪಾ ಅದು, ಒಲಿ ಬೂದಿ. ನುಶಿ ಹತ್ತಬಾರದಂತ ಹಚ್ಚತೇವಿ’ ಎಂದು ಚಿಗವ್ವ ಅವನಿಗೆ ಕನ್ನಡದಲ್ಲಿ ನಿಧಾನವಾಗಿ ಪಾಠ ಹೇಳಿದಳು. ನಾನು ಇಂಗ್ಲಿಷಿನಲ್ಲಿ ‘ಆಶ್, ಆಶ್’ ಎಂದೆ. ಅದನ್ನು ಕೇಳಿ ಅವನು ನನ್ನನ್ನು ಇನ್ನಷ್ಟು ಅನುಮಾನದಿಂದ ನೋಡಿದ. ಕೊನೆಗೆ ಯಂತ್ರ ಪರವಾಗಿಲ್ಲ ಎಂದಿತು. ಆದರೆ ಅಷ್ಟರಲ್ಲಿ ಹದಿನೈದು ಗಂಟುಗಳು ಬಿಚ್ಚಿ ಹರಡಿದ್ದವು. ಹನ್ನೊಂದು ಐವತ್ತೆಂಟು. ‘ಎಲ್ಲಾ ಒಂದರಾಗ ತುಂಬು ಚಿಗವ್ವಾ, ನಡಿ’ ಎಂದೆ.

ಅವಳು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಮಕ್ಕಳನ್ನೆಲ್ಲ ಒಂದೇ ಚೀಲದಲ್ಲಿ ತುಂಬು ಎಂದವನನ್ನು ತಾಯಿ ನೋಡುವ ಹಾಗೆ. ‘ಸಾವಿ ನವಣಿ ಕೂಡಿಸಿದ್ರ ಮತ್ತ ಬ್ಯಾರೆ ಮಾಡವ್ರ್ಯಾರು? ನಿಮ್ಮಪ್ಪೇನು? ಕಟ್ಟತೀನಿ ತಡಿ.’

ಆಗ ನನಗೆ ನನ್ನ ವಿದ್ಯೆ ನೆನಪಾಯಿತು. ‘ನೀ ಸಾವಕಾಶ ಕಟ್ಕೊಂಡು ಬಾ. ಇದ ದಾರಿ, ನೆಟ್ಟಗ ಬಂದು ಬಲಕ್ಕ ಹೊಳ್ಳು. ನಾ ಮುಂದ ಹೋಗಿ ಹಿಡದ ನಿಂದರಸ್ತೀನಿ.’

‘ಹೂಂ, ನೀ ಓಡು. ನೀ ಹಿಡದ್ಯಂದ್ರ ಯಾವ ಬಸ್ ಹೋಗತೈತಿ?’ ಎಂದಳು ಚಿಗವ್ವ, ಗಂಟಿನಿಂದ ತಲೆ ಎತ್ತದೆಯೇ.

ಓಡಿದೆ. ಸುಗಂಧದ ಅಂಗಡಿ, ಗಡಿಯಾರದ ಅಂಗಡಿ, ತಾನೇ ಓಡುವ ನೆಲ, ಅದರ ಮೇಲೆ ನಿಂತೇ ಹೋಗುವ ಜನ. ಓಡುವ ನೆಲದ ಮೇಲೆ ನಾನೂ ಓಡಿದರೆ ಎಷ್ಟು ವೇಗವಾಗುತ್ತದೆ ಎಂದು ಒಳಗೊಳಗೇ ಖುಷಿಯೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಿಂದಿರುಗಿ ನೋಡಿದರೆ ಚಿಗವ್ವ ಕಾಣಿಸುತ್ತಿರಲಿಲ್ಲ. ಹನ್ನೆರಡೂ ಆರಕ್ಕೆ ಗೇಟು ಮುಟ್ಟಿದೆ. ಅಲ್ಲಿದ್ದ ಹುಡುಗಿ ಬಾಗಿಲ ಪಟ್ಟಿ ಎಳೆಯುತ್ತಿದ್ದಳು. ಎರಡೂ ಟಿಕೆಟ್ಟು ತೋರಿಸಿದೆ. ಇನ್ನೊಬ್ಬರೆಲ್ಲಿ ಎಂದಳು. ಎರಡೇ ನಿಮಿಷ, ಬರುತ್ತಿದ್ದಾರೆ ಎಂದೆ. ‘ಹಾಗಾದರೆ ನೀವು ಇಲ್ಲೇ ನಿಂತು ಅವರನ್ನು ಕರೆದುಕೊಂಡು ಬನ್ನಿ ಸರ್, ನಾನು ಎರಡು ನಿಮಿಷ ನೋಡುತ್ತೇನೆ’ ಎಂದು ಆ ಪುಣ್ಯಾತಗಿತ್ತಿ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಬಿ.ಎ. ಮಾಡಿದವನು, ನನಗೆ ಪೂರ್ತಿ ಅರ್ಥವಾಯಿತು. ಆದರೆ ಕೆಳಗೆ ಗಾಜಿನಾಚೆ ನನಗೆ ಒಂದು ಬಸ್ಸು ಕಂಡಿತ್ತು. ವಿಮಾನ ದೂರ ನಿಂತಿದ್ದರೆ ಅಲ್ಲಿಯವರೆಗೆ ಬಸ್ಸಿನಲ್ಲಿ ಒಯ್ಯುತ್ತಾರಲ್ಲ, ಆ ಬಸ್ಸು. ಅದನ್ನು ನೋಡಿದ್ದೇ ಇಡೀ ವಿಮಾನ ನಿಲ್ದಾಣ ನನಗೆ ನಮ್ಮ ಹುಬ್ಬಳ್ಳಿಯ ಸ್ಟ್ಯಾಂಡಿನ ಹಾಗೆ ಕಂಡುಬಿಟ್ಟಿತು. ‘ಬೇಡ, ನಾನು ಬಸ್ಸು ಹಿಡಿದಿರುತ್ತೇನೆ’ ಎಂದು ನನ್ನ ಟಿಕೆಟ್ಟು ಒತ್ತಿಸಿಕೊಂಡು ಕೆಳಗೆ ಇಳಿದೆ. ಚಿಗವ್ವನ ಟಿಕೆಟ್ಟು ರೂಢಿಯಂತೆ ಕಿಸೆಗೇ ಹೋಯಿತು.

ಬಸ್ಸಿನಲ್ಲಿ ಒಂದು ಕಾಲು ಇಟ್ಟೆ. ಇನ್ನೊಂದು ಕಾಲು ನೆಲದ ಮೇಲೆ ಇಟ್ಟೆ. ಇಪ್ಪತ್ತೆರಡು ವರ್ಷದ ಅನುಭವದಿಂದ ಕೈಯನ್ನು ಕಂಬಕ್ಕೆ ಸುತ್ತಿ ನಿಂತೆ. ಆದರೆ ಆ ಬಸ್ಸಿಗೆ ಕಂಡಕ್ಟರನೇ ಇರಲಿಲ್ಲ. ಯಾರನ್ನು ನೋಡಿ ‘ಬಂದ್ರು ಬಂದ್ರು’ ಎನ್ನಬೇಕು? ಒಳಗಿದ್ದ ಐವತ್ತು ಜನ ನನ್ನ ನೆಲದ ಮೇಲಿನ ಕಾಲನ್ನೇ ನೋಡತೊಡಗಿದರು. ಚಾಲಕ ಕನ್ನಡಿಯಲ್ಲಿ ನೋಡಿ, ‘ಅಂದರ್ ಯಾ ಬಾಹರ್?’ ಎಂದ. ಅಷ್ಟೇ. ಸಿಟ್ಟಿಲ್ಲ, ಬೈಗುಳವಿಲ್ಲ. ಬೈದಿದ್ದರೆ ನಾನು ಜಗಳಾಡಿ ಐದು ನಿಮಿಷ ನಿಲ್ಲಿಸುತ್ತಿದ್ದೆ. ಬಾಗಿಲು ಸುಸ್ಸೆಂದು ಎರಡೂ ಕಡೆಯಿಂದ ಮುಚ್ಚಲು ಹೊರಟಿತು. ಯಾವ ಕಾಲನ್ನು ಎಳೆದುಕೊಳ್ಳಬೇಕೆಂದು ನಿರ್ಧರಿಸಲು ನನಗೆ ಪೂರ್ತಿ ಒಂದು ಸೆಕೆಂಡು ಇತ್ತು. ಹೊರಗಿನ ಕಾಲನ್ನು ಒಳಗೆ ಎಳೆದುಕೊಂಡೆ.

ಬಸ್ಸು ತಿರುಗುವಾಗ ಮೇಲಿನ ಗಾಜಿನ ಹಿಂದೆ ಚಿಗವ್ವ ಕಂಡಳು. ಇಳಕಲ್ಲಿನ ಕೆಂಪು ಸೆರಗು, ಎರಡೂ ಕೈಯಲ್ಲಿ ಎದೆಗವಚಿದ ಗಂಟು. ಅವಳು ಓಡುತ್ತಿರಲಿಲ್ಲ. ಆರಾಮಾಗಿ, ಅತ್ತಿತ್ತ ನೋಡುತ್ತ ಬರುತ್ತಿದ್ದಳು. ನಾನು ಹಿಡಿದು ನಿಂತಿದ್ದೇನಲ್ಲ, ಇನ್ನು ಓಡುವುದೇಕೆ?

ಇಲ್ಲಿಯವರೆಗಿನದನ್ನು ಪೆದ್ದತನ ಎನ್ನಬಹುದು. ಪೆದ್ದತನಕ್ಕೆ ಕ್ಷಮೆ ಇರುತ್ತದೆ. ಮುಂದಿನದಕ್ಕೆ ಯಾವ ಹೆಸರಿಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ವಿಮಾನದಲ್ಲಿ ಕೂತೆ. ಬಾಜುವಿನ ಸೀಟು ಖಾಲಿ. ಇನ್ನೊಂದು ಬಸ್ಸು ಬರುತ್ತದೆ, ಅದರಲ್ಲಿ ಬರುತ್ತಾಳೆ ಎಂದು ಕಿಟಕಿಗೆ ಹಣೆ ಹಚ್ಚಿದ್ದೆ. ಗಗನಸಖಿ ಬಂದು ಬಗ್ಗಿ, ಸಣ್ಣ ದನಿಯಲ್ಲಿ, ಇಂಗ್ಲಿಷಿನಲ್ಲಿ ಕೇಳಿದಳು: ‘ಸರ್, ಈ ಸೀಟಿನ ಹಿರಿಯರು ನಿಮ್ಮ ಜೊತೆಯವರೇ? ಅವರು ಬರುವಷ್ಟರಲ್ಲಿ ಗೇಟು ಮುಚ್ಚಿದೆ. ನೀವು ಬೇಕಾದರೆ ಈಗಲೇ ಇಳಿಯಬಹುದು. ಕೆಳಗೆ ಹಾಕಿರುವ ನಿಮ್ಮ ಲಗೇಜನ್ನೂ ತೆಗೆಯಬೇಕಾಗುತ್ತದೆ, ಸ್ವಲ್ಪ ತಡವಾಗುತ್ತದೆ. ಏನು ಮಾಡಲಿ?’ ಹಿಂದಿನ ಸೀಟಿನವನು ‘ಇನ್ನೂ ತಡವೇ?’ ಎಂಬಂತೆ ನಿಟ್ಟುಸಿರು ಬಿಟ್ಟ. ಮುಂದಿನ ಸಾಲಿನಲ್ಲಿ ಮೂರು ತಲೆಗಳು ತಿರುಗಿದವು. ಆ ಕ್ಷಣದಲ್ಲಿ ನನಗೆ ಬಂದ ಯೋಚನೆ ಚಿಗವ್ವನದಲ್ಲ. ಈಗ ಎದ್ದರೆ ನೂರೆಂಬತ್ತು ಜನರ ನಡುವೆ ರೊಟ್ಟಿ ಚೀಲ ಹಿಡಿದು ನಡೆದುಹೋಗಬೇಕು, ಹಳ್ಳಿಯವನು ಮುದುಕಿಯನ್ನು ಮರೆತು ಬಂದಿದ್ದಾನೆ ಎಂದು ಎಲ್ಲರೂ ನೋಡುತ್ತಾರೆ ಎಂಬ ಯೋಚನೆ.

‘ಇಟ್ಸ್ ಓಕೆ’ ಎಂದೆ.

ಅಷ್ಟೇ ಅಂದದ್ದು. ನಾಲಿಗೆ ತಡವರಿಸಲಿಲ್ಲ, ಉಚ್ಚಾರವೂ ಚೆನ್ನಾಗಿತ್ತು. ಕಾಲೇಜಿನಲ್ಲಿ ಐದು ವರ್ಷ ಇಂಗ್ಲಿಷ್ ಓದಿದ್ದು ಒಂದು ಸಲವಾದರೂ ಸರಿಯಾಗಿ ಬಾಯಿಗೆ ಬಂತು. ಹನ್ನೆರಡು ಗಂಟೆ ಹದಿನೆಂಟು ನಿಮಿಷ.

ವಿಮಾನ ಮೇಲೇರಿದ ಮೇಲೆ ಒಂದೊಂದೇ ತಿಳಿಯತೊಡಗಿತು. ಅವಳ ಟಿಕೆಟ್ಟು ನನ್ನ ಕಿಸೆಯಲ್ಲಿದೆ. ಅವಳ ಆಧಾರ್ ನನ್ನ ಕಿಸೆಯಲ್ಲಿದೆ. ಅವಳ ಫೋನು ನನ್ನ ಕಾಲ ಬಳಿ. ರೊಟ್ಟಿ, ಬೆಲ್ಲ ನನ್ನ ಕಾಲ ಬಳಿ. ಬೆಳಿಗ್ಗೆ ಏಳಕ್ಕೆ ಉಪ್ಪಿಟ್ಟು ತಿಂದು ಗುಳಿಗೆ ನುಂಗಿದವಳು ಭಾಷೆ ಬಾರದ ಊರಿನಲ್ಲಿ ಬರಿಗೈಯಲ್ಲಿ ನಿಂತಿದ್ದಾಳೆ. ಬರಿಗೈ ಕೂಡ ಅಲ್ಲ, ಬೂದಿ ಹಚ್ಚಿದ ಬೀಜ ಹಿಡಿದು. ಎದ್ದು ಗಗನಸಖಿಗೆ ಹೇಳಿದೆ. ಅವಳು ಪೈಲಟ್ಟಿಗೆ ಹೇಳುವುದಾಗಿ ಹೋದಳು. ಹೇಳಿದಳೋ ಇಲ್ಲವೋ, ಅಲ್ಲಿಗೆ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಒಂದು ಗಂಟೆಗೆ ತಿಂಡಿಯ ಗಾಡಿ ಬಂತು. ಮೇಳದವರು ಊಟ ಸೇರಿಸಿಯೇ ಟಿಕೆಟ್ಟು ತೆಗೆಸಿದ್ದರು. ನನ್ನ ಮುಂದೆ ಒಂದು ಸ್ಯಾಂಡ್‌ವಿಚ್ ಇಟ್ಟರು, ಚಿಗವ್ವನ ಖಾಲಿ ಸೀಟಿನ ಹೆಸರಲ್ಲೂ ಒಂದು ಇಟ್ಟರು. ಇನ್ನು ಹೇಳುವುದು ಕಷ್ಟ, ಆದರೂ ಹೇಳಿಬಿಡುತ್ತೇನೆ. ಗಾಬರಿಯಾದರೆ ನನಗೆ ಹಸಿವು ಹೆಚ್ಚು. ನನ್ನದನ್ನು ತಿಂದೆ. ಸ್ವಲ್ಪ ಹೊತ್ತು ಕಳೆದು, ಆ ಇನ್ನೊಂದು ಪೊಟ್ಟಣ ಕಣ್ಣಿಗೆ ಚುಚ್ಚುತ್ತಿದೆ, ಯಾರದ್ದು ಎಂದು ಯಾರಾದರೂ ಕೇಳಿಯಾರು ಎಂದು ಅದನ್ನೂ ತಿಂದೆ. ಕೆಚಪ್ಪು ಕೂಡ ಕೇಳಿ ಹಾಕಿಸಿಕೊಂಡೆ.

ಗುವಾಹಟಿಯಲ್ಲಿ ಚಕ್ರ ನೆಲ ಮುಟ್ಟುತ್ತಲೇ ಫೋನು ಹಚ್ಚಿದೆ. ಗೊತ್ತಿಲ್ಲದ ಒಂದು ನಂಬರಿನಿಂದ ಹದಿನಾಲ್ಕು ಸಲ ಕರೆ ಬಂದಿತ್ತು. ಮರಳಿ ಹಚ್ಚಿದೆ.

‘ಯಾರ್ರೀ, ಶೇಖರಪ್ಪ ಅನ್ನವ್ರು ನೀವಽ ಏನ್ರಿ?’ ಹೆಂಗಸಿನ ದನಿ, ನಮ್ಮ ಕಡೆಯದೇ ಮಾತು. ‘ಮುದಕೀನ ಗಾಜಿನ ಮುಂದ ಕುಂಡ್ರಿಸಿ ವಿಮಾನ ಹತ್ತೀರಲ್ರೀ, ಮನಶ್ಯಾರೇನ್ರಿ ನೀವು?’

ಸಿಂದಗಿ ಕಡೆಯ ಶಾಂತಾಬಾಯಿ. ಆ ನಿಲ್ದಾಣದಲ್ಲಿ ಕಸ ಹೊಡೆಯುವ ಕೆಲಸ. ಚಿಗವ್ವ ಬೀಜದ ಗಂಟಿನ ಮೇಲೆ ಮೇಳದವರು ಕಳಿಸಿದ ಚೀಟಿಯನ್ನು ಹೊಲಿದಿದ್ದಳು. ಅದರಲ್ಲಿ ಅವಳ ಹೆಸರು, ಜೊತೆಗಾರನ ನಂಬರು. ನಡೆದದ್ದನ್ನು ಶಾಂತಾಬಾಯಿಯೇ ಹೇಳಿದಳು. ಚಿಗವ್ವ ಗೇಟಿನ ಗಾಜಿನ ಮುಂದೆ ನೆಲದ ಮೇಲೆ ಕೂತುಬಿಟ್ಟಿದ್ದಳಂತೆ. ಗೇಟಿನ ಹುಡುಗಿ ಕೈಹಿಡಿದು ಎಬ್ಬಿಸಿದರೂ ಏಳಲಿಲ್ಲವಂತೆ. ‘ನಮ್ಮ ಹುಡುಗ ಹಿಡದ ನಿಂದರಿಸ್ಯಾನ, ಬರತಾನ’ ಎಂದು ಕನ್ನಡದಲ್ಲಿ ಎಲ್ಲರಿಗೂ ಹೇಳುತ್ತಿದ್ದಳಂತೆ. ಯಾರಿಗೂ ತಿಳಿಯಲಿಲ್ಲ. ಒಂದೂ ಕಾಲರ ಹೊತ್ತಿಗೆ ಮಾತು ತೊದಲಿತು, ತಲೆ ಗಾಜಿಗೆ ವಾಲಿತು. ‘ದೂರಿಂದ ಸೀರಿ ನೋಡಿದೆ, ನಮ್ಮ ಕಡೀದು. ಎಲ್ಲಿಯವರಬೇ ಅಂತ ಕೇಳಿದ್ರ ಬಾಯಿ ತಿರಗವಲ್ದು. ಮೈ ಮುಟ್ಟಿದ್ರ ಅಗದಿ ಥಣ್ಣಗ. ನಮ್ಮವ್ವಗೂ ಶುಗರ್ ಐತ್ರಿ, ನನಗ ಗೊತ್ತಾತು. ಚಾದಾಗ ನಾಕ ಚಮಚಾ ಸಕ್ರಿ ಹಾಕಿ ಕುಡಿಸೀನಿ. ಇನ್ನ ಹತ್ತ ಮಿನಿಟ ತಡಾ ಆಗಿದ್ರ…’

ಆ ವಾಕ್ಯವನ್ನು ಅವಳು ಮುಗಿಸಲಿಲ್ಲ. ಅಂದಿನಿಂದ ಅದನ್ನು ನಾನೇ ಬೇರೆ ಬೇರೆ ರೀತಿಯಲ್ಲಿ ಮುಗಿಸುತ್ತ ಬಂದಿದ್ದೇನೆ.

ಆಧಾರ್ ಕಾರ್ಡಿನ ಫೋಟೋ ಕಳಿಸಿದೆ. ವಿಮಾನದವರು ಮುಂದಿನ ವಿಮಾನಕ್ಕೆ ಜಾಗ ಮಾಡಿಕೊಟ್ಟರು. ಸಂಜೆ ಚಿಗವ್ವ ಗುವಾಹಟಿಯಲ್ಲಿ ಹೊರಬಂದದ್ದು ಗಾಲಿ ಕುರ್ಚಿಯಲ್ಲಿ. ತೊಡೆಯ ಮೇಲೆ ಗಂಟು. ಹಿಂದೆ ತಳ್ಳುವವನೊಬ್ಬ, ಅವನ ಹೆಂಡತಿಗೆ ಎಷ್ಟನೇ ತಿಂಗಳು ಎಂಬುದೂ ಅವಳಿಗೆ ಅದಾಗಲೇ ಗೊತ್ತಾಗಿತ್ತು, ಯಾವ ಭಾಷೆಯಲ್ಲಿ ಕೇಳಿದಳೋ. ನಾನು ಓಡಿಹೋಗಿ ಎದುರು ನಿಂತೆ. ಬೈಯುತ್ತಾಳೆ, ಬೈಯಲಿ ಎಂದು ಕಾದೆ. ನನ್ನ ಮುಖ ನೋಡಿ ಅವಳು ಕೇಳಿದ್ದು ಒಂದೇ ಮಾತು: ‘ಉಂಡೀ ಏನಲೇ?’

ಎರಡು ಸ್ಯಾಂಡ್‌ವಿಚ್ಚು ತಿಂದಿದ್ದವನು ರೊಟ್ಟಿಯ ಚೀಲವನ್ನು ಅವಳ ಮುಂದೆ ಹಿಡಿದೆ. ‘ಬಸ್ಸಿನವ ನಿಲ್ಲಸಲಿಲ್ಲ ಚಿಗವ್ವಾ, ಬಾಗಲಾ ತಾನಽ ಬಂದ್ ಆತು. ನನ್ನ ಹೊತಗೊಂಡಽ ಹೋತು’ ಎಂದೆ. ಅದು ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದೆ. ವಿಮಾನದೊಳಗಿನ ಮಾತು ಬಾಯಿಗೆ ಬರಲಿಲ್ಲ.

ಮೇಳದಲ್ಲಿ ಚಿಗವ್ವನ ಬೀಜಗಳ ಮುಂದೆ ಜನವೋ ಜನ. ಊರಿಗೆ ಮರಳಿದ ಮೇಲೆ ಅವಳ ಬಾಯಲ್ಲಿ ನನ್ನ ಕಥೆ ಬೆಳೆಯಿತು. ‘ಪಾಪ, ಶೇಖ್ಯಾ ಬಾಗಲಾ ಬಡದ ಬಡದ ಕೈ ಕೆಂಪ ಮಾಡ್ಕೊಂಡಾನ. ಆ ಡ್ರೈವರ್ ಹಾಟ್ಯಾ ಕೇಳಽ ಇಲ್ಲ. ವಿಮಾನದಾಗೂ ಹೊಯ್ಕೊಂಡಾನಂತ, ಇಳಿಸಿಲ್ಲ’ ಎಂದು ಹೇಳುತ್ತ ತಿರುಗಿದಳು. ನಾನು ಹೊಯ್ಕೊಂಡೆನೆಂದು ಅವಳಿಗೆ ಹೇಳಿದವರಾರು? ಯಾರೂ ಅಲ್ಲ. ಅಕ್ಕನ ಮಗ ಹೊಯ್ಕೊಳ್ಳದೆ ಸುಮ್ಮನೆ ಕೂತಿದ್ದಾನು ಎಂಬುದು ಅವಳಿಗೆ ತಿಳಿಯುವ ಮಾತೇ ಆಗಿರಲಿಲ್ಲ. ಮಹಿಳಾ ಸಂಘದವರು ಚಿಗವ್ವನಿಗೆ ಸನ್ಮಾನ ಮಾಡಿದಾಗ ನನಗೂ ಒಂದು ಶಾಲು ಹೊದಿಸಿದರು. ಮಾತಾಡಿ ಎಂದರು. ವಿಮಾನ ಬದಲಿಸುವಾಗ ವಹಿಸಬೇಕಾದ ಎಚ್ಚರಗಳ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಜನ ಚಪ್ಪಾಳೆ ತಟ್ಟಿದರು. ಅದಾದ ಮೇಲೆ ಮಿಶ್ರಿಕೋಟಿಯಿಂದ ಯಾರೋ ಒಬ್ಬರು ಫೋನು ಮಾಡಿ, ‘ಸರ, ಕಾಶಿಗೆ ಹೊಂಟೇವ್ರಿ, ನಡುವ ಒಂದ ತಾಸ ಐತಿ, ಸಾಕಾಕ್ಕೈತೇನ್ರಿ?’ ಎಂದು ಕೇಳಿದರು. ‘ಹಿರಿಯರು ಇದ್ದಾರೇನು? ಗಾಲಿ ಕುರ್ಚಿ ಹೇಳಿಬಿಡಿ. ಮುಖ್ಯವಾಗಿ ಅವರ ಟಿಕೆಟ್ಟು ಅವರ ಕೈಯಲ್ಲೇ ಇರಲಿ’ ಎಂದು ಬಹಳ ದೊಡ್ಡವನ ಹಾಗೆ ಹೇಳಿದೆ.

ನಿದ್ದೆ ಎಂಬುದು ಹೋಗಿತ್ತು. ಕಣ್ಣು ಮುಚ್ಚಿದರೆ ಬಾಗಿಲು ಸುಸ್ಸೆನ್ನುತ್ತಿತ್ತು. ಕನಸಿನಲ್ಲಿ ಪ್ರತಿ ಸಲವೂ ಎದ್ದು ನಿಂತು ‘ಇಳಿಯುತ್ತೇನೆ’ ಎನ್ನುತ್ತಿದ್ದೆ. ಎಚ್ಚರಾದರೆ ಪ್ರತಿ ಸಲವೂ ಅಂದಿರುತ್ತಿರಲಿಲ್ಲ. ಹೆಂಡತಿ ಶೋಭಾ ಹಾಲಿಗೆ ಅರಿಶಿನ, ಜಾಜಿಕಾಯಿ, ಗಸಗಸೆ ಎಲ್ಲ ಹಾಕಿ ನೋಡಿದಳು. ‘ವಿಮಾನ ಹತ್ತಿಳಿದವ್ರಿಗೆ ಹಿಂಗಽ ಆಕ್ಕೈತೆಂತ್ರಿ, ಹೊತ್ತು ಹಿಂದ ಮುಂದ ಆಗತೈತಂತ’ ಎಂದಳು. ಗುವಾಹಟಿಗೂ ಸಂಶಿಗೂ ಒಂದೇ ಹೊತ್ತು ಎಂದು ನಾನು ಅವಳಿಗೆ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಂಗಳವಾರ ಚಿಗವ್ವ ಕರೆಸಿದಳು. ಮಧ್ಯಾಹ್ನ, ಅಂಗಳದಲ್ಲಿ ಮರದ ನೆರಳಿಗೆ ಕೂತು ಅವರೆ ಬೀಜಕ್ಕೆ ಬೂದಿ ಕಲಸುತ್ತಿದ್ದಳು. ಇನ್ನೊಂದು ಮೇಳದಿಂದ ಕರೆ ಬಂದಿತ್ತು. ಮತ್ತೆ ಅದೇ ಮಹಾನಗರದಲ್ಲಿ ವಿಮಾನ ಬದಲಿಸಬೇಕು. ‘ಶೋಭಾನ ಕರಕೊಂಡ ಹೋಗು ಅಂತ ಸಂಘದವ್ರು ಅಂದ್ರು. ನಾ ಒಲ್ಲೆ ಅಂದೆ. ನಮ್ಮ ಶೇಖ್ಯಾನ ಬಿಟ್ಟು ಯಾರನ್ನೂ ನಂಬೂದಿಲ್ಲ ಅಂದೆ’ ಎಂದಳು.

ಆಗ ಹೇಳಿಬಿಟ್ಟೆ. ಬಸ್ಸಿನ ಕಾಲಿನಿಂದ ಹಿಡಿದು ಕೆಚಪ್ಪಿನವರೆಗೆ. ಅವಳ ಕೈ ಬೂದಿಯಲ್ಲೇ ನಿಂತಿತು.

‘ಆಕಿ ಕೇಳಿದ್ಲು? ಇಳೀತೀ ಏನಂತ?’

‘ಕೇಳಿದ್ಲು.’

‘ತಿಳೀತು ನಿನಗ?’

‘ತಿಳೀತು.’

‘ನೀ ಏನಂದಿ?’

‘ಇಟ್ಸ್ ಓಕೆ ಅಂದೆ.’

‘ಹಂಗಂದ್ರ?’

ಜನ್ಮದಲ್ಲಿ ಮಾಡಿದ ಎಲ್ಲಕ್ಕಿಂತ ಕಷ್ಟದ ಅನುವಾದ ಅದು. ‘ನಡೀತೈತಿ ಅಂತ’ ಎಂದೆ.

‘ಯಾರಿಗೆ?’ ಎಂದಳು ಚಿಗವ್ವ.

ಒಂದು ಬೊಗಸೆ ಬೂದಿ ನನ್ನ ಮುಖಕ್ಕೆ ಬಂತು. ಆಮೇಲೆ ಬೈಗುಳ. ನನ್ನ ಬಿ.ಎ., ನನ್ನ ಗ್ರಂಥಾಲಯ, ನನ್ನ ಸತ್ತ ಅಪ್ಪ, ಯಾವುದನ್ನೂ ಬಿಡಲಿಲ್ಲ. ಓಣಿಯ ಹೆಂಗಸರು ಕಟ್ಟೆಗೆ ಬಂದು ಕೂತು ಕೇಳಿದರು. ‘ಶಾಲು ಹೊದಸ್ಕೊಂಡ್ಯಲ್ಲಲೇ ಭಾಡ್ಯಾ, ಮೈ ಸುಡಲಿಲ್ಲೇನು? ತಾ ಅದನ್ನ!’ ಎಂದಳು. ಮನೆಗೆ ಹೋಗಿ ಶಾಲು ತಂದುಕೊಟ್ಟೆ. ಕೊಡವಿ ಅಂಗಳದಲ್ಲಿ ಹಾಸಿ ಅದರ ಮೇಲೆ ಅ‌ವರೆ ಬೀಜ ಹರವಿದಳು. ‘ಇದಕ್ಕರ ಉಪಯೋಗ ಆಗಲಿ. ನೀ ಏಳು. ನಾ ಶೋಭಾನ ಕೂಡ ಹೋಗತೀನಿ. ನನ್ನ ಟಿಕೇಟ ನನ್ನ ಕೈಯಾಗ ಇರತೈತಿ.’

ಮುಖದ ಬೂದಿ ತೊಳೆದುಕೊಂಡು, ಎರಡು ರೊಟ್ಟಿ ಉಂಡು, ಎಂಟು ಗಂಟೆಗೆ ಮಲಗಿದೆ. ಒಮ್ಮೆಯೂ ಎಚ್ಚರಾಗಲಿಲ್ಲ. ಬುಧವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಅಂಗಳದಲ್ಲಿ ಬಿಸಿಲು ಏರಿತ್ತು. ಎರಡು ತಿಂಗಳ ಮೇಲೆ ಮೊದಲ ಬಾರಿಗೆ ಮೈ ಹಗುರಾಗಿತ್ತು. ಮನುಷ್ಯ ಸತ್ಯ ಹೇಳಿದರೆ ಎಷ್ಟು ಆರಾಮ ಎಂದು ಶೋಭಾಳಿಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಎದ್ದು ಕೂತೆ. ಅವಳು ಚಿಗವ್ವನ ಮನೆಗೆ ಮೊಸರು ಕೊಟ್ಟು ಆಗಷ್ಟೇ ಬಂದಿದ್ದಳು.

‘ಏಳ್ರಿ, ನಿಮ್ಮ ಗೊರಕಿ ಓಣಿ ತುಂಬ ಕೇಳಾಕತ್ತಿತ್ತು’ ಎಂದಳು. ತಂಬಿಗೆ ಕೆಳಗಿಟ್ಟು, ನನ್ನ ಕಡೆ ನೋಡದೆ ಹೇಳಿದಳು: ‘ಚಿಗವ್ವ ಮಾತ್ರ ನಿನ್ನಿ ರಾತ್ರಿ ಕಣ್ಣು ಮುಚ್ಚಿಲ್ಲಂತ್ರಿ.’